ಸೋಗಿನ ಬಸವನ ಹಿಂಗಾಲು

ನಮ್ಮ ಭಾವ ಶಾಂತಲಿಂಗಪ್ಪನವರು ಬಸ್ಸು ಹತ್ತಿದರೆ ಕಟ್ಟಕಡೆಯ ಸೀಟಿಗೇ ಹೋಗಿ ಕೂಡುತ್ತಿದ್ದರು. ಮುಂದೆ ಎಷ್ಟೇ ಜಾಗ ಖಾಲಿ ಇರಲಿ, ನಮ್ಮೂರು ನರೋಣಾದಿಂದ ಆಳಂದದವರೆಗೆ ಹಿಂದಿನ ಸೀಟಿನಲ್ಲಿ ಎಗರಿ ಎಗರಿ ಬೀಳುತ್ತ, ಧೂಳು ಕುಡಿಯುತ್ತ ಹೋದರೇ ಅವರಿಗೆ ಸಮಾಧಾನ. ಕಾರಣ ಇಷ್ಟೇ, ಬೆನ್ನ ಹಿಂದೆ ಯಾರೂ ಇರಕೂಡದು. ಮಠದಲ್ಲಿ ಪುರಾಣ ಕೇಳಲು ಹೋದರೆ ಗೋಡೆಗೆ ಒರಗಿ ಕೂಡಬೇಕು. ಕ್ಷೌರಕ್ಕೆ ಕೂತರೆ ಕೈಯಲ್ಲೊಂದು ಕನ್ನಡಿ ಹಿಡಿದು, ಕುತ್ತಿಗೆಯ ಹಿಂದೆ ಕತ್ತರಿ ಏನು ಮಾಡುತ್ತಿದೆ ಎಂದು ನೋಡುತ್ತಲೇ ಇರಬೇಕು.

ಬಸ್‌ಸ್ಟ್ಯಾಂಡಿನ ಪಕ್ಕ ಅವರದೊಂದು ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಬಂದ ಹೆಂಗಸರು ಬೇಕೆಂತಲೇ ಹರಳು ಬೆರೆಸಿ ತಂದು ತಮ್ಮ ಕಲ್ಲು ಕೆಡಿಸುತ್ತಾರೆ ಎಂದು ಅವರಿಗೆ ಗುಮಾನಿ. ಅವರು ಹಿಟ್ಟಿನಲ್ಲಿ ಒಂದು ಬೊಗಸೆ ಹಿಡಿದುಕೊಳ್ಳುತ್ತಾರೆ ಎಂದು ಹೆಂಗಸರಿಗೆ ಗುಮಾನಿ. ಎರಡೂ ಕಡೆ ಹೀಗೆ ಸಮಸಮ ಇದ್ದದ್ದರಿಂದ ಗಿರಣಿ ಚೆನ್ನಾಗಿಯೇ ನಡೆಯುತ್ತಿತ್ತು.

ನಾನು ಗುರುಶಾಂತಮ್ಮ, ಅವರ ತಮ್ಮನ ಹೆಂಡತಿ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಮುಂದೆ ಸೆರಗು ಮುಂದಕ್ಕೆಳೆದುಕೊಂಡು ತಲೆ ಬಗ್ಗಿಸಿ ನಿಲ್ಲಬೇಕು, ನೇರವಾಗಿ ಮಾತಾಡಕೂಡದು. ಏನಿದ್ದರೂ ಅಕ್ಕನ ಮೂಲಕ, ಅಂದರೆ ಅವರ ಹೆಂಡತಿ ಸುಭದ್ರಾಬಾಯಿಯ ಮೂಲಕ. ಹಾಗಾಗಿ ನನಗೆ ಭಾವನವರ ಮುಖಕ್ಕಿಂತ ಪಾದಗಳೇ ಹೆಚ್ಚು ಪರಿಚಯ. ಎಡಗಾಲಿನ ಹೆಬ್ಬೆರಳು ಒಳಕ್ಕೆ ಬಾಗಿತ್ತು, ಉಗುರು ನಡುವೆ ಸೀಳಿತ್ತು. ಎಂದೋ ಗಿರಣಿಯ ಕಲ್ಲು ಬಿದ್ದದ್ದಂತೆ. ಓಣಿಯ ಗಂಡಸರನ್ನೆಲ್ಲ ನಾನು ಕಾಲು ನೋಡಿಯೇ ಹೆಸರು ಹೇಳುತ್ತಿದ್ದೆ. ಈಗಿನ ಸೊಸೆಯಂದಿರು ಕೇಳಿ ನಗುತ್ತಾರೆ, ನಗಲಿ.

ಇಂಥ ಭಾವನವರು ತಮ್ಮ ಬೆನ್ನ ಹಿಂದೆ ಬಿಟ್ಟುಕೊಂಡಿದ್ದು ಜಗತ್ತಿನಲ್ಲಿ ಒಬ್ಬನನ್ನೇ. ಗಿರಣಿಯ ಎದುರಿಗೆ ಸೈಕಲ್ ಅಂಗಡಿ ಇಟ್ಟಿದ್ದ ಹಸನಸಾಬ. ಇಬ್ಬರೂ ಚಿಕ್ಕಂದಿನಿಂದ ಕೂಡಿ ಬೆಳೆದವರು. ಅವನನ್ನು ಹಿಂದೆ ಬಿಟ್ಟುಕೊಂಡಿದ್ದು ಮಾತಿಗಲ್ಲ, ನಿಜವಾಗಿಯೇ. ಬಸವ ಜಯಂತಿಯ ಮೆರವಣಿಗೆಯಲ್ಲಿ ನಮ್ಮ ಓಣಿಯಿಂದ ಸೋಗಿನ ಬಸವ ಹೊರಡುವುದು ಹಿರಿಯರ ಕಾಲದಿಂದ ಬಂದದ್ದು. ಅದರೊಳಗೆ ಇಬ್ಬರು. ಮುಂದಿನವನು ತಲೆ ಹೊತ್ತು ಮುಂಗಾಲಾಗುತ್ತಾನೆ. ಹಿಂದಿನವನು ನಡು ಬಗ್ಗಿಸಿ, ಮುಂದಿನವನ ನಡುಪಟ್ಟಿ ಹಿಡಿದು ಹಿಂಗಾಲಾಗುತ್ತಾನೆ. ಮೇಲೆ ಬಿಳಿಯ ಬಟ್ಟೆ, ಅದರ ಮೇಲೆ ಝೂಲ, ಕೊರಳಿಗೆ ಗಂಟೆ. ಮನೆಮನೆಯ ಮುಂದೆ ನಿಂತಾಗ ಹೆಂಗಸರು ಕಾಲಿಗೆ ನೀರು ಹಾಕಿ ಹಣೆಗೆ ವಿಭೂತಿ ಹಚ್ಚುತ್ತೇವೆ. ಒಳಗೆ ಹೊಕ್ಕವರು ಹೊರಗೆ ಬರುವವರೆಗೆ ತುಟಿ ಬಿಚ್ಚುವಂತಿಲ್ಲ. ಬಸವಣ್ಣನ ಹೊಟ್ಟೆಯಿಂದ ಮನುಷ್ಯನ ದನಿ ಕೇಳಿದರೆ ಊರಿಗೆ ಒಳ್ಳೆಯದಲ್ಲ ಎಂದು ನಂಬಿಕೆ. ಭಾವನವರು ಮುಂದೆ, ಹಸನಸಾಬ ಹಿಂದೆ, ಹನ್ನೆರಡು ವರ್ಷ ಹೀಗೆ ನಡೆದರು. ನಡುಪಟ್ಟಿಯನ್ನು ಒಮ್ಮೆ ಜಗ್ಗಿದರೆ ನಿಲ್ಲು, ಎರಡು ಸಲ ಜಗ್ಗಿದರೆ ನಡೆ ಎಂದು ಅವರಿಬ್ಬರೇ ಮಾಡಿಕೊಂಡ ಸನ್ನೆ ಇತ್ತು.

ಅದು ಮುರಿದದ್ದು ಎಂಬತ್ತೆರಡರ ಬಸವ ಜಯಂತಿಗೆ. ಆ ವರ್ಷ ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ಬಸವನನ್ನು ಮಂಡಿಯೂರಿಸಿ ಊರಿಗೆಲ್ಲ ಬೆರಗು ಮಾಡಬೇಕೆಂದು ಇಬ್ಬರೂ ಗುಟ್ಟಾಗಿ ರೂಢಿ ಮಾಡಿಕೊಂಡಿದ್ದರು. ಮಟಕಿ ಊರಿನವರೂ ತಮ್ಮ ಸೋಗಿನ ಬಸವನನ್ನು ನಮ್ಮ ಮೆರವಣಿಗೆಗೆ ತರುತ್ತಾರೆ. ಅವರದು ಮುಂದೆ ಇತ್ತು. ಅಗಸಿ ಬಂತು. ಮಟಕಿಯ ಬಸವ ಎಲ್ಲರೆದುರು ಮೆಲ್ಲಗೆ ಮಂಡಿಯೂರಿತು.

ಭಾವನವರು ಬಸವನ ತಲೆ ಕಿತ್ತೆಸೆದು ಹೊರಗೆ ಬಂದರು. ಹಸನಸಾಬನ ತಂಗಿಯನ್ನು ಕೊಟ್ಟಿದ್ದು ಮಟಕಿಗೆ. ಅವರಿಗೆ ಅಷ್ಟು ಸಾಕಿತ್ತು.

“ಲೇ ಹಸನ್ಯಾ, ತಂಗಿ ಮನಿಗಿ ಉಣ್ಣಾಕ ಹೋಗಿ ನಮ್ಮ ಗುಟ್ಟ ಬಿಚ್ಚಿಟ್ಟ ಬಂದೇನಲೇ?”

ನೆರೆದ ಜನರೆಲ್ಲ ಕೇಳಿದರು. ಹಸನಸಾಬ ಹಿಂಗಾಲಿನ ಚಲ್ಲಣ ಕಳಚಿದ, ಮಡಿಚಿದ, ಕಟ್ಟೆಯ ಮೇಲಿಟ್ಟ. “ಹಿಂದ ನಿಂತಾವಗ ನಿನ್ನ ಮುಖ ಕಾಣತಿರಲಿಲ್ಲ ಶಾಂತಪ್ಪ,” ಎಂದ. “ಇವತ್ತ ಕಂಡದ.”

ಅಷ್ಟೇ ಹೇಳಿ ಹೋದ. ಎತ್ತು ಮಂಡಿಯೂರುವುದು ಯಾರಿಂದಲಾದರೂ ಕದಿಯಬೇಕಾದ ವಿದ್ಯೆಯೇ? ದಿನಾ ಸಂಜೆ ಕೊಟ್ಟಿಗೆಯಲ್ಲಿ ಎಲ್ಲ ಎತ್ತುಗಳೂ ಅದನ್ನೇ ಮಾಡುತ್ತವೆ, ಮಟಕಿಯವರಿಗೂ ಕಣ್ಣಿವೆ. ಆದರೆ ಈ ಮಾತನ್ನು ಭಾವನವರಿಗೆ ಹೇಳುವವರು ಯಾರು? ನಾನಂತೂ ಹೇಳುವ ಹಾಗಿರಲಿಲ್ಲ.

ಮರುವರ್ಷ ಬಸವ ಹೊರಡಲೇ ಇಲ್ಲ. ಅದರ ಮುಂದಿನ ವರ್ಷ ಓಣಿಯ ಹಿರಿಯರಾದ ದೌಲತರಾಯರು ನಮ್ಮ ಮನೆಗೇ ಬಂದು ಕಟ್ಟೆಯ ಮೇಲೆ ಕೂತರು. ಹಿಂಗಾಲಿಗೆ ಬೇರೆಯವರನ್ನು ನೋಡೋಣ ಎಂದರು.

“ಬ್ಯಾಡ್ರಿ,” ಎಂದರು ಭಾವನವರು. “ಹಿಂದ ನಿಂತಾವ ಯಾವನರೇ ಆಗಲಿ, ಒಂದಿನ ಕೈ ಕೊಡಾವನೇ.”

“ಹಂಗಾರ ಹಿಂಗಾಲ ಇಲ್ಲದ ಬಸವಣ್ಣನ್ನ ತರ್ತೀ ಏನು?”

ದೌಲತರಾಯರು ನಗೆಯಾಡಿದ್ದು. ಆದರೆ ಭಾವನವರು ನಗಲಿಲ್ಲ. “ತಂದ ತೋರಸ್ತೇನ್ರಿ. ನನ್ನ ಹಿಂದ ಯಾರೂ ಇಲ್ಲದನ ನಡೀತಾನ ಬಸವಣ್ಣ.”

“ನೋಡಪಾ, ಮಟಕಿಯವರ ಮುಂದ ಒಮ್ಮೆ ಮರ್ಯಾದಿ ಹೋಗ್ಯಾದ. ಈ ಸಲ ಹಾದ್ಯಾಗ ಬಿದ್ದರ ಬಸವಣ್ಣನ ತಲಿ ಮಠಕ್ಕ ಒಪ್ಪಿಸಿಬಿಡಮು. ನಮ್ಮ ಓಣಿ ಸೋಗ ಅಲ್ಲಿಗಿ ಮುಗೀತು.”

“ಆಗಲ್ರಿ,” ಎಂದರು ಭಾವನವರು. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಅವರ ಬಾಗಿದ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿದದ್ದು ಕಂಡಿತು.

ಮರುದಿನದಿಂದ ಮನೆಯ ಹಿಂದಿನ ಹೊಟ್ಟಿನ ಕೋಣೆಗೆ ಬೀಗ ಬಿತ್ತು. ಹೊಟ್ಟೆಲ್ಲ ಅಂಗಳಕ್ಕೆ ಬಂತು, ಬೀಗದ ಕೈ ಭಾವನವರ ಉಡದಾರಕ್ಕೆ ಹೋಯಿತು. ಮಧ್ಯಾಹ್ನ ಗಿರಣಿ ಮುಚ್ಚಿ ಬಂದವರೇ ಒಳಗೆ ಹೊಕ್ಕು ಅಗುಳಿ ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ ಕೊರೆಯುವ ಸಪ್ಪಳ, ಅರ ಹಾಕಿ ಉಜ್ಜುವ ಸಪ್ಪಳ, ಒಮ್ಮೊಮ್ಮೆ ಝುರ್ರೆಂದು ಏನೋ ತಿರುಗುವ ಸಪ್ಪಳ. ಯಾರಾದರೂ ಕೆಮ್ಮಿದರೆ ಎಲ್ಲ ನಿಂತುಬಿಡುತ್ತಿತ್ತು.

ವಾರಕ್ಕೊಮ್ಮೆ ಚೀಲ ಹಿಡಿದು ಆಳಂದದ ಬಸ್ಸು ಹತ್ತುತ್ತಿದ್ದರು. ಒಂದು ಸೈಕಲ್ ಚೈನು ಬೇಕಾದರೂ ಆಳಂದಕ್ಕೆ. ಗಿರಣಿಯ ಎದುರಿಗೇ ಹಸನಸಾಬನ ಅಂಗಡಿಯಲ್ಲಿ ಚೈನುಗಳು ಗೂಟಕ್ಕೆ ತೂಗುತ್ತಿದ್ದವು, ಅವುಗಳ ಮುಂದೆಯೇ ಹಾದು ಬಸ್ಸಿಗೆ ಕಾಯುತ್ತಿದ್ದರು. ಹಸನಸಾಬ ಪಂಕ್ಚರ್ ಹಾಕುತ್ತ ತಲೆ ಎತ್ತಿ ನೋಡುತ್ತಿದ್ದ. ಇವರು ಆಕಾಶ ನೋಡುತ್ತಿದ್ದರು.

ಊರು ಸುಮ್ಮನಿರುತ್ತದೆಯೇ? ಶಾಂತಲಿಂಗಪ್ಪ ಹೊಟ್ಟಿನ ಕೋಣೆಯಲ್ಲಿ ನಿಧಿ ಅಗೆಯುತ್ತಿದ್ದಾನೆ ಎಂದು ಒಬ್ಬರು. ಕಳ್ಳಭಟ್ಟಿ ಇಳಿಸುತ್ತಿದ್ದಾನೆ, ಬೇಕಾದರೆ ಮೂಸಿ ನೋಡಿ ಎಂದು ಇನ್ನೊಬ್ಬರು. ಪಕ್ಕದ ಮನೆಯ ಭಾಗಮ್ಮ ಮಾತ್ರ, “ನಿಮ್ಮ ಭಾವ ಖೊಟ್ಟಿ ನೋಟ ಛಾಪಸಾಕತ್ತಾನ. ಝುರ್ ಅಂತ ಮಿಶನ್ ಕೇಳಿಸ್ತದ ನನಗ,” ಎಂದು ನನ್ನ ಕಿವಿಯಲ್ಲಿ ಉಸುರಿ, ಅಂದಿನಿಂದ ನಮ್ಮ ಮನೆಗೆ ಸಕ್ಕರೆ ಕಡ ಕೇಳಲು ಬರುವುದನ್ನೇ ಬಿಟ್ಟಳು. ಅದೊಂದು ಲಾಭವಾಯಿತು.

ಅಡುಗೆಮನೆಯಲ್ಲೂ ಒಂದು ವಿಚಿತ್ರ ನಡೆಯಿತು. ಡಬ್ಬಿಯಲ್ಲಿಯ ಮೆಂತ್ಯ ಕರಗುತ್ತ ಬಂತು. ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು ನೋಡಿದೆ. ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಒಬ್ಬರನ್ನೊಬ್ಬರು ಮೆಂತ್ಯಗಳ್ಳಿ ಎಂದುಕೊಂಡು ಎಂಟು ಹತ್ತು ದಿನ ರೊಟ್ಟಿ ಬಡಿದೆವು. ಭಾವನವರ ರೋಗ ಮನೆಗೆಲ್ಲ ಹತ್ತಿತ್ತು ನೋಡಿ.

ಒಂದು ದಿನ ಅಕ್ಕ ಬಟ್ಟೆ ಒಗೆಯಲು ಭಾವನವರ ಆಳಂದದ ಚೀಲ ಝಾಡಿಸಿದಾಗ ಒಳಗಿನಿಂದ ಉದ್ದನೆಯದೊಂದು ಚವರಿ ಬಿತ್ತು. ಹೆಂಗಸರು ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಕರಿಯ ಚವರಿ, ಹೊಚ್ಚ ಹೊಸದು. ಅದರ ಹಿಂದೆ ಒಂದು ಜೊತೆ ಗೆಜ್ಜೆ.

ಅಕ್ಕ ಕಲ್ಲಿನ ಮೇಲೆ ಕೂತೇಬಿಟ್ಟಳು. “ಗುರುಶಾಂತಿ, ಆಳಂದದಾಗ ಯಾವಾಕಿನ್ನರೇ ಇಟಗೊಂಡಾರೇನವಾ?”

“ಇಲ್ಲ ತಗೀ ಅಕ್ಕಾ. ನಮ್ಮ ಭಾವ ಒಬ್ಬಾಕಿನ್ನ ನಂಬಿ ಮನಿ ಮಾಡೋ ಮನಷಾ ಅಲ್ಲ,” ಎಂದೆ. ಅದು ಅವಳಿಗೆ ಸಮಾಧಾನವನ್ನೇನೂ ಕೊಡಲಿಲ್ಲ.

“ಮತ್ತ ಈ ಚವರಿ ಯಾರ ತಲಿಗಿ? ಒಳಗ ಏನ್ ಅದ, ನೋಡಿ ಹೇಳವಾ ನೀನ. ನಂಗ ಧೈರ್ಯ ಆಗವಲ್ದು.” ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿ ನನಗೆ ಭಾವನವರ ಮೇಲೆ ಉರಿ ಎದ್ದಿತು. ಇಪ್ಪತ್ತು ವರ್ಷ ಬಾಳಿದ ಹೆಂಡತಿಗೆ ಒಂದು ಮಾತು ಹೇಳಿದರೆ ಇವರ ಗಂಟೇನು ಹೋಗುತ್ತಿತ್ತು?

ಬಾಗಿಲಿಗೆ ಬೀಗ, ಕಿಟಕಿಗೆ ಗೋಣಿತಟ್ಟು. ಆದರೆ ಭಾವನವರು ಮಾಳಿಗೆಯನ್ನು ಮರೆತಿದ್ದರು. ಬೇಸಿಗೆಯಲ್ಲಿ ಸಂಡಿಗೆ ಒಣಹಾಕಲು ಮಾಳಿಗೆ ಏರುವವರು ನಾವು. ಅಲ್ಲಿ ಹೊಟ್ಟಿನ ಕೋಣೆಯ ಬೆಳಕಿಂಡಿ ಬಾಯಿ ತೆರೆದುಕೊಂಡೇ ಇರುತ್ತದೆ. ಮರುದಿನ ಸಂಡಿಗೆಯ ಹಾಳೆ ಹಿಡಿದು ಏರಿದೆ, ಬೆಳಕಿಂಡಿಯ ಪಕ್ಕಕ್ಕೆ ಹಾಸಿದೆ, ಕಾಗೆ ಓಡಿಸುವ ನೆವದಲ್ಲಿ ಬಗ್ಗಿ ನೋಡಿದೆ.

ಕೆಳಗೆ ಅರ್ಧ ಎತ್ತು ನಿಂತಿತ್ತು.

ತಲೆ ಇಲ್ಲ, ಮುಂಗಾಲಿಲ್ಲ. ಬರೀ ಬೆನ್ನು, ತೊಡೆ, ಎರಡು ಹಿಂಗಾಲು. ಬಿದಿರು ಮತ್ತು ಕಬ್ಬಿಣದ ಪಟ್ಟಿಯ ಹಂದರ, ಅದರ ಹೊಟ್ಟೆಯ ಕೆಳಗೆ ಎರಡು ಪುಟ್ಟ ಗಾಲಿ. ಗಾಲಿಯಿಂದ ಸೈಕಲ್ ಚೈನು ಮೇಲೆ ಹೋಗಿ ಮೊಣಕಾಲಿಗೆ ಕೂಡಿತ್ತು. ಭಾವನವರು ನಡುವಿಗೆ ಪಟ್ಟಿ ಕಟ್ಟಿಕೊಂಡು ಮುಂದೆ ನಡೆದರೆ ಗಾಲಿ ತಿರುಗುತ್ತಿತ್ತು, ಹಿಂಗಾಲುಗಳು ಒಂದಾದ ಮೇಲೊಂದು ಎದ್ದು ಬೀಳುತ್ತಿದ್ದವು. ಥೇಟ್ ಎತ್ತಿನ ನಡಿಗೆ! ಅವರು ಬೆರಳಲ್ಲಿ ಒಂದು ಗುಂಡಿ ಒತ್ತಿದರು. ಹಿಂಗಾಲಿನ ಒಳಗೆ ಕೂಡಿಸಿದ್ದ, ಲಾರಿಯ ಗಾಜು ಒರೆಸುವ ಮೋಟರು ಝುರ್ರೆಂದಿತು. ಬಾಲ ಎಡಕ್ಕೆ ಬಲಕ್ಕೆ ಬೀಸಿತು. ಬಾಲದ ತುದಿಗೆ ಚವರಿ, ಹಿಂಗಾಲಿಗೆ ಗೆಜ್ಜೆ!

ಗೋಡೆಯ ಪಕ್ಕ ತಲೆಯೂ ಇತ್ತು. ಅದಕ್ಕೂ ಕೈ ಆಡಿಸಿದ್ದರು. ಸೈಕಲ್ ಬ್ರೇಕಿನ ಹಿಡಿಕೆ ಅದುಮಿದರೆ ಕಿವಿ ಅಲುಗುತ್ತಿತ್ತು, ಇನ್ನೊಂದು ಅದುಮಿದರೆ ಬಾಯಿ ತೆರೆಯುತ್ತಿತ್ತು, ಕಣ್ಣಲ್ಲಿ ಬ್ಯಾಟರಿಯ ಬಲ್ಬು. ಮೂಗಿನ ಹೊರಳೆಯೊಳಗೆ ರಬ್ಬರಿನ ಉಂಡೆ, ಅದನ್ನು ಒತ್ತಿದರೆ ಬುಸ್ಸೆಂದು ವಿಭೂತಿ ಹಾರುತ್ತಿತ್ತು. ಯಾರೂ ಇಲ್ಲದ ಕೋಣೆಯಲ್ಲಿ ಭಾವನವರು ತಮ್ಮ ಮೇಲೆ ತಾವೇ ವಿಭೂತಿ ಹಾರಿಸಿಕೊಂಡು ಒಬ್ಬರೇ ನಗುತ್ತಿದ್ದರು. ನಾನು ಅವರ ನಗು ನೋಡಿದ್ದು ಅದೇ ಮೊದಲು. ಸಂಡಿಗೆ ಬಿಟ್ಟು ಎಷ್ಟೋ ಹೊತ್ತು ನೋಡುತ್ತ ನಿಂತೆ, ಸಿಟ್ಟೆಲ್ಲ ಇಳಿದುಹೋಯಿತು.

ಆಗ ಕಣ್ಣಿಗೆ ಬಿದ್ದಿತು ಆ ಮಣ್ಣಿನ ಪರಾತ. ಅದರಲ್ಲಿ ಹಳೆಯ ಪೇಪರು, ಮೆಂತ್ಯ ನೆನೆಹಾಕಿ ರುಬ್ಬಿದ ಮುದ್ದೆ. ನಾವು ಹೆಂಗಸರು ಬುಟ್ಟಿಗೆ ಮೆತ್ತುವುದೂ ಅದನ್ನೇ. ಅದರಿಂದ ಭಾವನವರು ಹಿಂಗಾಲು, ಗೊರಸು ಎಲ್ಲ ಮೆತ್ತಿ ಸುಣ್ಣ ಬಳಿದಿದ್ದರು. ಮೆಂತ್ಯಗಳ್ಳ ಸಿಕ್ಕಿದ. ಆದರೆ ಪೇಪರಿನ ಬುಟ್ಟಿಯಲ್ಲಿ ಕಾಳು ಇಡುತ್ತೇವೆ, ಹಿಟ್ಟು ಇಡುತ್ತೇವೆ, ನೀರು ಮಾತ್ರ ತಾಗಿಸುವುದಿಲ್ಲ. ತಾಗಿದರೆ ಮತ್ತೆ ಮುದ್ದೆಯೇ.

ಮುಂಗಾಲು ಭಾವನವರ ಸ್ವಂತ ಕಾಲು, ಅದರ ಮಾತು ಬೇರೆ. ಆದರೆ ಬಸವಣ್ಣ ಮನೆ ಮುಂದೆ ನಿಂತಾಗ ನಾವು ಮುಂಗಾಲಿಗೆ ನೀರು ಹಾಕಿ, ವಿಭೂತಿ ಹಚ್ಚಿ, ಅಷ್ಟಕ್ಕೇ ನಿಲ್ಲುವುದಿಲ್ಲ. ಸುತ್ತು ಹೊಡೆದು ಹಿಂದೆ ಹೋಗಿ ಹಿಂಗಾಲಿಗೂ ನೀರು ಸುರಿದು, ಬಾಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ನನ್ನ ಕೈಯಿಂದಲೇ ಎಷ್ಟು ಸಲ ಹಾಕಿದ್ದೇನೆ. ತಲೆಯೊಳಗೆ ತಲೆ ಇಟ್ಟುಕೊಂಡವರಿಗೆ ಹಿಂದೆ ನಡೆಯುವುದು ಕಾಣುವುದಿಲ್ಲ. ಹನ್ನೆರಡು ವರ್ಷ ಬಸವಣ್ಣನಾಗಿ ನಡೆದ ಭಾವನವರಿಗೆ ಬಸವಣ್ಣನ ಹಿಂಗಾಲಿಗೂ ನೀರು ಬೀಳುತ್ತದೆ ಎಂಬುದೇ ಗೊತ್ತಿರಲಿಲ್ಲ.

ಕೆಳಗೆ ಇಳಿದು ಅಕ್ಕನಿಗೆ ಎಲ್ಲ ಹೇಳಿದೆ. ಚವರಿ ಬಾಲಕ್ಕೆ ಎಂದು ಕೇಳಿ ಅವಳು ಅಳುತ್ತಲೇ ನಕ್ಕಳು. ನೀರಿನ ಸಂಗತಿ ಕೇಳಿ ನಗು ನಿಂತಿತು. ರಾತ್ರಿ ಊಟಕ್ಕೆ ಬಡಿಸುತ್ತ ಭಾವನವರಿಗೆ ಹೇಳಿಯೇಬಿಟ್ಟಳು. ನಾನು ಬಾಗಿಲ ಮರೆಯಲ್ಲಿದ್ದೆ.

“ಏನ್ರಿ, ಹಿಂಗಾಲಿಗಿ ಮ್ಯಾಲ ಒಂದೀಟ ಮೇಣಗಪ್ಪಡ ಸುತ್ತರಿ. ಹೆಂಗಸರು ನೀರ ಹಾಕ್ತಾರ.”

ಭಾವನವರ ಕೈ ರೊಟ್ಟಿಯ ಮೇಲೇ ನಿಂತಿತು. “ಹಿಂಗಾಲ ಅಂತ ನಿನಗ ಯಾರ ಹೇಳಿದ್ರು?”

“ಯಾರರೇ ಹೇಳಲ್ಯಾಕ, ನೀರ ಹಾಕ್ತಾರ ಅಂತ ನಾ ಹೇಳಾಕತ್ತೇನಿ.”

“ಒಳಗ ಇಣಿಕಿ ನೋಡ್ದಾವ ಯಾವ? ಹಸನ್ಯಾ ಕಳಸಿದ್ನೇನ ಯಾರನ್ನರ? ಮಟಕಿಯವರ ಬಂದಿದ್ರೇನ? ಬಾಗಲಾ ತಗದಿದ್ಯೇನ ನೀ?”

“ಅಯ್ಯ ನನ್ನ ಶಿವನೇ, ನೀರಿನ ಮಾತ ಕೇಳ್ರಿ ಮೊದಲ!”

“ನೀರ ಹಾಕಾದ ಮುಂಗಾಲಿಗಿ. ಹನ್ನೆರಡ ವರ್ಷ ನಾನ ಬಸವಣ್ಣ ಆಗೇನಿ, ನೀ ಆಗೀಯೇನ? ನನ್ನ ಮುಂದ ದಾರಿ ತಪ್ಪಸಬ್ಯಾಡ. ಯಾರ ನೋಡ್ಯಾರ ಅಷ್ಟ ಹೇಳು!”

ಅಕ್ಕ ನನ್ನ ಹೆಸರು ಹೇಳಲಿಲ್ಲ. ಅವರು ಊಟ ಬಿಟ್ಟು ಎದ್ದರು. ಮರುದಿನ ಬೀಗದ ಪಕ್ಕ ಇನ್ನೊಂದು ಬೀಗ ಬಂತು. ಹೇಳಿದ ಮಾತಿನಲ್ಲಿ ಹುರುಳಿದೆಯೇ ಎಂದು ನೋಡುವುದು ಬಿಟ್ಟು, ಹೇಳಿದವರು ಯಾರು ಎಂದು ಹುಡುಕುವುದೇ ಆ ಮನುಷ್ಯನ ಹಣೆಬರಹ. ಅಕ್ಕ ಆಮೇಲೆ ಆ ಮಾತು ಎತ್ತಲಿಲ್ಲ. ಅವಳ ಬಾಯಿ ಬಿಗಿದದ್ದು ಮಾತ್ರ ನನಗೆ ಸರಿ ಕಾಣಲಿಲ್ಲ.

ಬಸವ ಜಯಂತಿಯ ಬೆಳಿಗ್ಗೆ ಹಲಗೆ ಬಡಿಯತೊಡಗಿದಾಗ ಹೊಟ್ಟಿನ ಕೋಣೆಯ ಬಾಗಿಲು ತೆರೆಯಿತು. ಬಸವ ಹೊರಗೆ ಬಂದ. ಓಣಿಗೆ ಓಣಿಯೇ ಕಟ್ಟೆ ಇಳಿದು ಬಂತು. ಹಿಂದೆ ಯಾರೂ ಇಲ್ಲ ಎಂಬುದು ಎಲ್ಲರಿಗೂ ಗೊತ್ತು, ಆದರೂ ನಾಲ್ಕು ಕಾಲೂ ನಡೆಯುತ್ತಿವೆ! ಕಿವಿ ಅಲುಗಿತು, ಬಾಲ ಬೀಸಿತು, ದೌಲತರಾಯರ ಮುಖಕ್ಕೆ ಬುಸ್ಸೆಂದು ವಿಭೂತಿ ಹಾರಿತು. “ಶಾಂತಲಿಂಗಪ್ಪಾ, ಗೆದ್ದಿ ಬಿಡಪಾ!” ಎಂದು ಅವರು ಕಣ್ಣು ಒರೆಸಿಕೊಂಡರು. ಮಟಕಿಯವರು ತಮ್ಮ ಬಸವನನ್ನು ಬಿಟ್ಟು ನಮ್ಮದರ ಸುತ್ತ ಬಂದರು, ಬಗ್ಗಿ ಬಗ್ಗಿ ಕೆಳಗೆ ನೋಡಿದರು. ಒಳಗೆ ಯಾರನ್ನೋ ಬಚ್ಚಿಟ್ಟಿದ್ದಾರೆ ಎಂದು ಅವರಿಗೆ ಸಂಶಯ.

ಮೊದಲು ಸಿಕ್ಕದ್ದು ನಮ್ಮದೇ ಮನೆ. ನಾನು ಉಪಾಯ ಮಾಡಿದ್ದೆ. ಒಂದೇ ತಂಬಿಗೆ ನೀರು ಹಿಡಿದು, ಎಲ್ಲವನ್ನೂ ಮುಂಗಾಲಿಗೇ ಸುರಿದೆ. ಬಾಗಿದ ಹೆಬ್ಬೆರಳು ತಣ್ಣಗಾಯಿತು. ಹಿಂದಕ್ಕೆ ಹೋಗದೆ ಕೈ ಮುಗಿದೆ. ಹೇಗೋ ದಾಟಿತು ಎನ್ನುವಷ್ಟರಲ್ಲಿ ಒಳಗಿನಿಂದ ಅಕ್ಕ ಬಂದಳು. ಪ್ರತಿ ವರ್ಷ ತಂಬಿಗೆಯಲ್ಲಿ ನೀರು ತರುವ ಅಕ್ಕ ಆ ದಿನ ತುಂಬಿದ ಕೊಡ ತಂದಿದ್ದಳು. ಮುಂದೆ ವಿಭೂತಿ ಹಚ್ಚಿದಳು. ಸಾವಕಾಶ ಸುತ್ತು ಹೊಡೆದಳು. ಹಿಂದೆ ನಿಂತು ಕೊಡ ಬಗ್ಗಿಸಿದಳು. ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎಲ್ಲವೂ ಶಾಸ್ತ್ರದ ಪ್ರಕಾರವೇ ಇತ್ತು. ಅದು ಭಕ್ತಿಯೋ ಇನ್ನೇನೋ ಎಂದು ನನಗೆ ಇವತ್ತಿಗೂ ಅನುಮಾನ. ಕೇಳಿದರೆ ಅಕ್ಕ ಒಂದು ನಮೂನೆ ನಗುತ್ತಾಳೆ.

ಬಸವ ಇನ್ನೂ ಒಂದಷ್ಟು ದೂರ ನಡೆದ. ಹಸನಸಾಬನ ಸೈಕಲ್ ಅಂಗಡಿ ದಾಟುವ ಹೊತ್ತಿಗೆ ಹಿಂಗಾಲಿನ ಸುಣ್ಣ ಬಿರಿಯಿತು. ಗೊರಸು ಉಬ್ಬಿ ಮುದ್ದೆ ಮುದ್ದೆಯಾಗಿ ಹಾದಿಗೆ ಬೀಳತೊಡಗಿತು. ಹಸಿ ಬಟ್ಟೆ ಚೈನಿನಲ್ಲಿ ಸಿಕ್ಕಿತು. ಮೋಟರು ಒಮ್ಮೆ ಚಟ್ಟೆಂದು ಬಟ್ಟೆಯಿಂದ ಹೊಗೆ ಬಂತು. ಒಂದು ಕಾಲು ಮುರಿದು ನೇತಾಡಿತು, ಇನ್ನೊಂದು ತನ್ನಷ್ಟಕ್ಕೆ ತಾನೇ ಹಿಂದಿದ್ದವರನ್ನು ಝಾಡಿಸಿ ಒದೆಯತೊಡಗಿತು. ಬಾಲ ಮಾತ್ರ ಏನೂ ಆಗಿಲ್ಲವೆಂಬಂತೆ ಬೀಸುತ್ತಲೇ ಇತ್ತು. ಕಡೆಗೆ ಬಸವನ ಹಿಂಭಾಗ ಪೂರಾ ನೆಲಕ್ಕೆ ಕೂತಿತು.

ಮಟಕಿಯವರ ಕಡೆಯಿಂದ ಸಿಳ್ಳು ಬಂತು. ದೌಲತರಾಯರು ಮುಖ ತಿರುಗಿಸಿ ಪಂಚೆಯ ಚುಂಗಿನಿಂದ ಬೆವರು ಒರೆಸಿಕೊಂಡರು. ಭಾವನವರು ತಲೆ ತೆಗೆಯುವಂತಿಲ್ಲ, ಮಾತಾಡುವಂತಿಲ್ಲ, ಹಿಂದೆ ತಿರುಗಿ ನೋಡುವಂತಿಲ್ಲ. ಬಾಗಿದ ಹೆಬ್ಬೆರಳು ಮತ್ತೆ ನೆಲವನ್ನು ಒತ್ತಿ ಹಿಡಿದಿತ್ತು. ಆ ಕಾಲುಗಳನ್ನು ನೋಡಿ ನನಗೆ ಅಳು ಬಂತು. ತಾವೇ ತಂದುಕೊಂಡದ್ದು ನಿಜ, ಆದರೂ ಬಂತು.

ಆಗ ಜನರ ನಡುವಿನಿಂದ ಯಾರೋ ಬಗ್ಗಿ ಬಸವನ ಬಟ್ಟೆಯೊಳಗೆ ಹೊಕ್ಕರು. ಒಳಗೆ ನಟ್ಟು ಬಿಚ್ಚುವ ಪಾನಾ ತಿರುಗಿದ ಸಪ್ಪಳ. ಬಿದಿರಿನ ಹಂದರ, ಗಾಲಿ, ಹೊಗೆ ಕಾರುವ ಮೋಟರು ಎಲ್ಲ ಬಟ್ಟೆಯ ಕೆಳಗಿನಿಂದ ಹೊರಗೆ ಜಾರಿ ಬಂತು. ಬಸವನ ಬೆನ್ನು ಮೆಲ್ಲಗೆ ಮೇಲೆದ್ದಿತು. ಕೆಳಗೆ ಎರಡು ಹಿಂಗಾಲು ಕಂಡವು, ಚಲ್ಲಣವಿಲ್ಲ, ಗೊರಸಿಲ್ಲ, ಬರಿಗಾಲು. ಬೆರಳ ಸಂದಿಯಲ್ಲಿ ಕರಿಯ ಗ್ರೀಸು, ಬಲ ಹಿಮ್ಮಡಿಯಲ್ಲಿ ಹಳೆಯ ಸುಟ್ಟ ಕಲೆ. ನಾನು ಅಕ್ಕನ ಕೈ ಹಿಡಿದೆ. “ಹಸನಸಾಬ,” ಎಂದೆ.

ಒಳಗೆ ಏನಾಯಿತು ಎಂದು ಭಾವನವರು ಆಮೇಲೆ ಅಕ್ಕನ ಮುಂದೆ ಹೇಳಿದ್ದಾರೆ. ಹಿಂದಿನಿಂದ ಎರಡು ಬೆರಳು ಬಂದು ನಡುಪಟ್ಟಿ ಹಿಡಿದವು. ಒಮ್ಮೆ ಜಗ್ಗಿದವು. ಆಮೇಲೆ ಎರಡು ಸಲ ಜಗ್ಗಿದವು. ಭಾವನವರು ನಡೆದರು.

ಬಸವ ಊರೆಲ್ಲ ತಿರುಗಿದ. ಅಗಸಿಯ ಮುಂದೆ ಹಿಂದಿನಿಂದ ಸನ್ನೆ ಬಂತಂತೆ, ಇಬ್ಬರೂ ಕೂಡಿ ಮಂಡಿಯೂರಿದರು. ಆ ದಿನದ ಕೂಗು ಜಿಡಗಾ ಊರಿನವರೆಗೆ ಕೇಳಿರಬೇಕು. ದೌಲತರಾಯರು ತಮ್ಮ ರುಮಾಲು ತೆಗೆದು ಬಸವನ ಕೋಡಿಗೆ ಸುತ್ತಿದರು. ಓಣಿಯ ಸೋಗು ಉಳಿಯಿತು.

ಮಧ್ಯಾಹ್ನ ನಮ್ಮ ಅಂಗಳದಲ್ಲಿ ಬಟ್ಟೆ ತೆಗೆದರು. ಇಬ್ಬರೂ ಬೆವರಿನಲ್ಲಿ ತೊಯ್ದು ಹೋಗಿದ್ದರು. ಜನ ಸುತ್ತ ನಿಂತರು. ಎರಡು ವರ್ಷದ ಮೇಲೆ ಈಗ ಅಪ್ಪಿಕೊಳ್ಳುತ್ತಾರೆ ಎಂದು ಎಲ್ಲರೂ ಕಾದರು, ಅಕ್ಕ ಒಳಗೆ ಚಹಾಕ್ಕೆ ಇಟ್ಟಳು.

ಭಾವನವರ ಕಣ್ಣು ಹಸನಸಾಬನ ಕೈಯಲ್ಲಿದ್ದ ಪಾನಾದ ಮೇಲೆ ಬಿತ್ತು. ತುಟಿ ಬಿಚ್ಚಲು ಅಪ್ಪಣೆ ಸಿಕ್ಕ ಮೇಲೆ ಅವರು ಆಡಿದ ಮೊದಲ ಮಾತು ಇದು.

“ಪಾನಾ ಕಿಸೆದಾಗ ಇಟಗೊಂಡ ಬಂದಿದ್ದಿ ಅಂದ್ರ, ಕೆಡತದ ಅಂತ ಮೊದಲ ಗೊತ್ತಿತ್ತು ನಿನಗ. ಯಾರ ಹೇಳಿದ್ರು?”

ಹಸನಸಾಬ ಪಾನಾವನ್ನು ಅಂಗಿಯ ತುದಿಯಿಂದ ಒರೆಸಿದ.

“ಹನ್ನೆರಡ ವರ್ಷ ಆ ನೀರ ನನ್ನ ಕಾಲ ಮ್ಯಾಲ ಬಿದ್ದದ ಶಾಂತಪ್ಪ. ಮತ್ಯಾರ ಹೇಳಬೇಕಾಗಿತ್ತು?”

ಭಾವನವರ ಕಣ್ಣು ಅವನ ಕಾಲಿಗೆ ಇಳಿಯಿತು.

“ನಿನ್ನ ಮನಿ ಬಾಗಲದಿಂದ ನಿನ್ನ ಹಿಂದನ ಬರಾಕತ್ತಿದ್ದೆ. ರೂಢಿ ಬಿದ್ದದ ನೋಡು,” ಎಂದು ಹೇಳಿ ಹಸನಸಾಬ ಹೊರಟುಹೋದ. ಚಹಾಕ್ಕೂ ನಿಲ್ಲಲಿಲ್ಲ. ಜನ ಒಬ್ಬೊಬ್ಬರಾಗಿ ಕರಗಿದರು.

ಭಾವನವರು ಸಂಜೆಯವರೆಗೆ ಕಟ್ಟೆಯ ಮೇಲೆ ಕೂತೇ ಇದ್ದರು. ಗೋಡೆಗೆ ಒರಗಲಿಲ್ಲ. ಕಡೆಗೆ ಅಕ್ಕನನ್ನು ಕರೆದರು.

“ಹಿಂಗಾಲಿಗೂ ನೀರ ಹಾಕ್ತೀರಿ ನೀವು?”

“ಹಾಕ್ತೀವ್ರಿ. ಮೊದಲಿಂದನೂ.”

“ತಣ್ಣನ ನೀರು?”

“ಕೊಡದಾಗಿನ ನೀರ್ರಿ, ತಣ್ಣಗನ ಇರ್ತಾವ.”

ತಲೆ ಎತ್ತಿ ಮಾಳಿಗೆಯ ಕಡೆ ನೋಡಿ, ನಾನು ನಿಂತಿದ್ದ ಬಾಗಿಲ ಕಡೆಗೆ ಮುಖ ಮಾಡದೆ, “ಮಾಳಿಗಿ ಮ್ಯಾಲಿಂದ ನೋಡಿದಾಕಿ ನೀನೇನವಾ?” ಎಂದರು. ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

“ಹೌದ್ರಿ,” ಎಂದೆ ಸೆರಗಿನೊಳಗಿನಿಂದ.

ಅದಾದ ಮೇಲೆ ಅವರು ಬೇರೆ ಮನುಷ್ಯರೇನೂ ಆಗಲಿಲ್ಲ. ತೊಂಬತ್ತಾರರಲ್ಲಿ ತೀರಿಕೊಳ್ಳುವವರೆಗೂ ಬಸ್ಸಿನ ಕೊನೆಯ ಸೀಟು ಬಿಡಲಿಲ್ಲ. ಡಾಕ್ಟರು ಕೊಟ್ಟ ಗುಳಿಗೆಯನ್ನು ಮೂಸಿ ನೋಡಿಯೇ ನುಂಗುತ್ತಿದ್ದರು. ಮಟಕಿಯವರಿಗೆ ಗುಟ್ಟು ಹೇಳಿದವರು ಯಾರು ಎಂದು ಕೊನೆಗೂ ಗೊತ್ತಾಗಲಿಲ್ಲ. ಹೇಳಿದವರು ಯಾರೂ ಇರಲಿಲ್ಲ ಎಂದೇ ನನ್ನ ಲೆಕ್ಕ.

ಆದರೆ ಆ ಮೆರವಣಿಗೆಯ ಮರುವರ್ಷ ಬಸವ ಜಯಂತಿ ಹತ್ತಿರ ಬಂದಾಗ ಅವರು ಬಸವನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಾದಿ ದಾಟಿ ಸೈಕಲ್ ಅಂಗಡಿಗೆ ಹೋದದ್ದನ್ನು ಊರೆಲ್ಲ ನೋಡಿದೆ. ಹಸನಸಾಬ ಅನುಮಾನದಿಂದಲೇ ನೋಡಿದನಂತೆ.

“ಇದ್ಯಾಕ ತಂದಿ? ಏನ್ ಇಟ್ಟೀ ಇದರಾಗ?”

“ಏನಿಲ್ಲ. ಈ ಸಲ ತಲಿ ನೀ ಹಾಕ್ಕೋ.”

“ಹಿಂದ ಯಾರು?”

ಭಾವನವರು ತಲೆಯನ್ನು ಅವನ ಮುಂದಿಟ್ಟು ಗಿರಣಿಗೆ ಹೋದರು.

ಆ ವರ್ಷ ಹಲಗೆ ನಮ್ಮ ಮನೆಯ ಮುಂದೆ ಬಂದು ನಿಂತಾಗ ನಾನು ಎರಡು ತಂಬಿಗೆ ನೀರು ತಂದಿದ್ದೆ. ಒಂದನ್ನು ಮುಂಗಾಲಿಗೆ ಹಾಕಿದೆ, ಗ್ರೀಸು ಹತ್ತಿದ ಬೆರಳುಗಳು ತೊಯ್ದವು. ವಿಭೂತಿ ಹಚ್ಚಿ ಸುತ್ತು ಹೊಡೆದು ಹಿಂದೆ ಹೋದೆ. ಬಿಸಿಲಿಗೆ ಕಾದ ನೆಲದ ಮೇಲೆ ಎರಡು ಹಿಂಗಾಲು ನಿಂತಿದ್ದವು. ಎಡಗಾಲಿನ ಹೆಬ್ಬೆರಳು ಒಳಕ್ಕೆ ಬಾಗಿತ್ತು, ಉಗುರು ನಡುವೆ ಸೀಳಿತ್ತು. ಬಗ್ಗಿ ಮೆಲ್ಲಗೆ ಸುರಿದೆ. ಆ ಬೆರಳು ಮೊದಲು ಸರಕ್ಕನೆ ಹಿಂದೆ ಸರಿಯಿತು. ಆಮೇಲೆ ಮತ್ತೆ ಮುಂದೆ ಬಂದು, ತಂಬಿಗೆ ಬರಿದಾಗುವವರೆಗೆ ನೀರಿನ ಕೆಳಗೆ ನಿಂತಿತು.